ಯಾವ ಅಂಜೂರ ಮೊದಲು ಹಣ್ಣಾಗುತ್ತದೆ? ತಳಿಗಳನ್ನು ಹೋಲಿಸುವುದು ಹೇಗೆ?

ಮಾಳಿಗೆತೋಟ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಐದು ತಳಿ ಅಂಜೂರ ಇವೆ. ಬ್ರೌನ್ ಟರ್ಕಿ, ಸೆಲೆಸ್ಟ್, ಬ್ಲ್ಯಾಕ್ ಮಿಷನ್, ವಯೊಲೆಟ್ ದ ಬೋರ್ಡೋ, ಪನಾಶೆ. ಕೆಲವು ಕುಂಡದಲ್ಲಿವೆ, ಕೆಲವು ನೆಲದಲ್ಲಿವೆ. ಯಾವುದು ಮೊದಲು ಹಣ್ಣಾಗುತ್ತದೆ, ಯಾವುದು ಕೊನೆಗೆ ಅಂತ ಸರಿಯಾದ ಒಂದು ಪಟ್ಟಿ ಮಾಡಬೇಕು ಅನ್ನೋದು ಆಸೆ.

ತೊಂದರೆ ಏನಂದ್ರೆ, ಸೆಲೆಸ್ಟ್ ಬೇಗ ಬರುವ ತಳಿ ಅಂತ ಎಲ್ಲರೂ ಹೇಳ್ತಾರೆ. ನನ್ನಲ್ಲಿ ಬ್ರೌನ್ ಟರ್ಕಿ ಮೊದಲು ಹಣ್ಣು ಕೊಟ್ಟಿತು. ಒಂದೆರಡು ದಿನ ಅಲ್ಲ, ತಿಂಗಳಿಗೂ ಜಾಸ್ತಿ ಮುಂಚೆ. ಪನಾಶೆಯಂತೂ ಗೋಲಿ ಗಾತ್ರಕ್ಕೆ ಬಂದು ಹಾಗೇ ನಿಂತಿದೆ. ಬೆಳೆಯುತ್ತಲೂ ಇಲ್ಲ, ಉದುರುತ್ತಲೂ ಇಲ್ಲ. ಗಿಡ ಕೊಟ್ಟವರು ಹೆಸರು ತಪ್ಪಾಗಿ ಹೇಳಿರಬಹುದಾ? ನಿಮ್ಮ ಗಿಡಗಳು ಯಾವ ಸಾಲಿನಲ್ಲಿ ಹಣ್ಣಾಗುತ್ತವೆ, ದಯವಿಟ್ಟು ಹೇಳಿ.

ಅಳಿಲು:
ನನ್ನಲ್ಲೂ ಬ್ರೌನ್ ಟರ್ಕಿನೇ ಮೊದಲು. ಈ ಪಟ್ಟಿಗಳನ್ನೆಲ್ಲ ನಂಬಬೇಡಿ.

ಕಸಿಗಾರ:
ಪಟ್ಟಿ ಸುಳ್ಳಲ್ಲ ಅಳಿಲು ಅವರೇ. ಮಾಳಿಗೆತೋಟ, ಮೊದಲು ಇದಕ್ಕೆ ಉತ್ತರ ಹೇಳಿ. ಬ್ರೌನ್ ಟರ್ಕಿಯ ಆ ಹಣ್ಣು ಹಳೆ ಕಡ್ಡಿಯಲ್ಲಿತ್ತೋ, ಈ ವರ್ಷದ ಹೊಸ ಚಿಗುರಿನಲ್ಲೋ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಅಂಜೂರಕ್ಕೆ ಎರಡು ಬೆಳೆ ಇರುತ್ತೆ. ಹೋದ ವರ್ಷ ಬಲಿತ ಕಡ್ಡಿಯ ಮೇಲೆ, ಎಲೆ ಉದುರಿದ ಗುರುತಿನ ಪಕ್ಕದಲ್ಲಿ, ಹೊಸ ಎಲೆ ಬಿಚ್ಚುವ ಹೊತ್ತಿಗೇ ಕಾಣಿಸಿಕೊಳ್ಳುವುದು ಬ್ರೀಬಾ. ಹೊಸ ಚಿಗುರಿನ ಎಲೆ ಕಂಕುಳಲ್ಲಿ ಬರುವುದು ಮುಖ್ಯ ಬೆಳೆ. ಒಂದೇ ಗಿಡದಲ್ಲಿ ಬ್ರೀಬಾ ಹಣ್ಣಾದ ಎಷ್ಟೋ ವಾರಗಳ ನಂತರ ಮುಖ್ಯ ಬೆಳೆ ಹಣ್ಣಾಗುತ್ತದೆ. ಸೆಲೆಸ್ಟ್‌ನಲ್ಲಿ ಬ್ರೀಬಾ ಬರೋದೇ ಅಪರೂಪ. ಒಂದರ ಬ್ರೀಬಾ, ಇನ್ನೊಂದರ ಮುಖ್ಯ ಬೆಳೆ ಪಕ್ಕಪಕ್ಕ ಇಟ್ಟರೆ ಹೋಲಿಕೆ ಆಗಲ್ಲ.

ಮಾಳಿಗೆತೋಟ:
ಫೋಟೋ ತೆಗೆದಿಟ್ಟಿದ್ದೆ, ಈಗ ನೋಡಿದೆ. ಹಣ್ಣು ಬೂದು ತೊಗಟೆಯ ಹಳೆ ಕಡ್ಡಿಯಲ್ಲೇ ಇದೆ. ಹಾಗಾದ್ರೆ ಅದು ಬ್ರೀಬಾ. ಅದೇ ಗಿಡದ ಹೊಸ ಚಿಗುರಿನ ಕಾಯಿ ಇನ್ನೂ ಗಟ್ಟಿ. ಮುಖ್ಯ ಬೆಳೆಯಲ್ಲಿ ಸೆಲೆಸ್ಟ್ ಅದನ್ನ ದಾಟಿತು ಅಂತಾಯ್ತು. ಧನ್ಯವಾದ ಸರ್.

ಹಿತ್ತಲಗಿಡ:
ಬ್ರೀಬಾ ಬಂದ್ರೆ ಖುಷಿಪಡಿ, ಆದರೆ ರುಚಿ ನೋಡಿ ತಳಿಗೆ ಅಂಕ ಕೊಡಬೇಡಿ. ತುಂಬ ತಳಿಗಳಲ್ಲಿ ಬ್ರೀಬಾ ದೊಡ್ಡದು, ನೀರು ನೀರು. ಬ್ಲ್ಯಾಕ್ ಮಿಷನ್ ಬ್ರೀಬಾ ಮಾತ್ರ ನನಗೆ ಇಷ್ಟ.

ಬೇರುಬಿಳಲು:
ಪನಾಶೆ ನಿಂತುಬಿಟ್ಟಿದೆ ಅಂದಿರಲ್ಲ, ಅದು ನಿಂತಿಲ್ಲ. ಇದು ಹೊಸಬರೆಲ್ಲ ಗಾಬರಿಯಾಗುವ ಜಾಗ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ.

ಅಂಜೂರದ ಕಾಯಿ ಮೂರು ಹಂತದಲ್ಲಿ ಬೆಳೆಯುತ್ತೆ. ಮೊದಲು ಬಟಾಣಿಯಿಂದ ಗೋಲಿವರೆಗೆ ಬೇಗ ಬೇಗ ಊದುತ್ತೆ. ಆಮೇಲೆ ವಾರಗಟ್ಟಲೆ ಹೊರಗಿಂದ ಏನೂ ಆಗ್ತಿಲ್ಲ ಅನ್ನಿಸುತ್ತೆ. ಆದರೆ ಒಳಗೆ ಕೆಲಸ ನಡೀತಿರುತ್ತೆ. ಅಂಜೂರ ಅಂದ್ರೆ ಒಳಮುಖ ಮಾಡಿಕೊಂಡ ಹೂಗೊಂಚಲು ಅಲ್ವಾ, ಆ ನೂರಾರು ಪುಟ್ಟ ಹೂಗಳು ಈ ಹೊತ್ತಿನಲ್ಲೇ ಬಲಿಯುತ್ತವೆ. ಮೂರನೇ ಹಂತ ಕೊನೆಯ ಕೆಲವು ದಿನಗಳದ್ದು. ಬಣ್ಣ ತಿರುಗುತ್ತೆ, ಕಾಯಿ ದಿಢೀರನೆ ದಪ್ಪ ಆಗುತ್ತೆ, ಸಕ್ಕರೆಯ ಹೆಚ್ಚಿನ ಪಾಲು ತುಂಬೋದೂ ಆಗಲೇ. ಸಂಜೆ ಗಟ್ಟಿ ಇದ್ದದ್ದು ಎರಡು ದಿನ ಬಿಟ್ಟು ನೋಡಿದರೆ ಕತ್ತು ಬಾಗಿಸಿ ನೇತಾಡ್ತಿರುತ್ತೆ.

ಬೇಗ ಬರುವ ತಳಿ, ತಡವಾಗಿ ಬರುವ ತಳಿ ಅನ್ನೋ ವ್ಯತ್ಯಾಸ ಬಹುಪಾಲು ಈ ಮಧ್ಯದ ಹಂತದಲ್ಲಿ ಅಡಗಿರುತ್ತೆ. ಪನಾಶೆ ಹೇಗಿದ್ದರೂ ತಡದ ತಳಿ, ಬಿಸಿಲು ಜಾಸ್ತಿ ಬೇಡುತ್ತೆ. ಹಸಿರು ಹಳದಿ ಪಟ್ಟೆ ಇದೆಯಾ ಕಾಯಿ ಮೇಲೆ? ಇದ್ದರೆ ಹೆಸರು ಸರಿಯಾಗೇ ಇದೆ, ಕಾಯಿರಿ.

ಮಾಳಿಗೆತೋಟ:
ಪಟ್ಟೆ ಚೆನ್ನಾಗಿ ಕಾಣುತ್ತೆ. ಚಿಗುರು ಕಡ್ಡಿ ಮೇಲೂ ಇದೆ.

ಬೇರುಬಿಳಲು:
ಹಾಗಾದ್ರೆ ಪನಾಶೆನೇ.

ಕಸಿಗಾರ:
ಈಗ ಅಸಲು ವಿಷಯಕ್ಕೆ ಬರೋಣ. ತಳಿ ಹೋಲಿಸಬೇಕಾದ್ರೆ ಕ್ಯಾಲೆಂಡರ್ ತಾರೀಖು ಬರೆದಿಟ್ಟರೆ ಪ್ರಯೋಜನ ಇಲ್ಲ. ಒಂದು ಗಿಡ ಬೇಗ ಚಿಗುರುತ್ತೆ, ಇನ್ನೊಂದು ನಿಧಾನ. ಒಂದನ್ನ ಸವರಿರ್ತೀರಿ, ಇನ್ನೊಂದನ್ನ ಬಿಟ್ಟಿರ್ತೀರಿ. ಎಲೆ ಕಂಕುಳಲ್ಲಿ ಕಾಯಿ ಬಟಾಣಿ ಗಾತ್ರಕ್ಕೆ ಬಂದ ದಿನ ಆ ಕಡ್ಡಿಗೆ ಬಣ್ಣದ ದಾರ ಕಟ್ಟಿ. ಅಲ್ಲಿಂದ ಹಣ್ಣು ಕೀಳುವ ದಿನದವರೆಗೆ ಎಣಿಸಿ. ತಳಿಯ ಗುಣ ಅಂದ್ರೆ ಅದು.

ಮುಖ್ಯ ಬೆಳೆಗೆ ಸುಮಾರು ಹೀಗೆ ಅಂತ ಇಟ್ಟುಕೊಳ್ಳಿ. ಬೇಗದ ತಳಿಗೆ 75ರಿಂದ 90 ದಿನ, ನಡುವಿನವಕ್ಕೆ 90ರಿಂದ 105, ತಡದವಕ್ಕೆ 110, 120, ಇನ್ನೂ ಜಾಸ್ತಿ. ರೋಂಡ್ ದ ಬೋರ್ಡೋ, ಸೆಲೆಸ್ಟ್ ಮೊದಲ ಗುಂಪು. ಚಿಕಾಗೋ ಹಾರ್ಡಿ ಅದರ ಬೆನ್ನಿಗೇ ಬರುತ್ತೆ. ವಯೊಲೆಟ್ ದ ಬೋರ್ಡೋ, ಬ್ರೌನ್ ಟರ್ಕಿ, ಬ್ಲ್ಯಾಕ್ ಮಿಷನ್ ನಡುವೆ. ಕಡೋಟಾ ನಡುವಿನ ಕೊನೆಗೆ. ಪನಾಶೆ, ಬ್ಲ್ಯಾಕ್ ಮಡೇರಾ, ಕೋಲ್ ದ ದಾಮ್ ಎಲ್ಲ ತಡ.

ಮೋಡಬಿಸಿಲು:
ಕಸಿಗಾರ ಸರ್, ಸಾಲು ಒಪ್ತೀನಿ, ದಿನದ ಲೆಕ್ಕ ಒಪ್ಪಲ್ಲ. ದಿನ ಎಣಿಸಿದರೂ ಅದು ತಳಿಯ ಗುಣ ಆಗಲ್ಲ. ಅದೇ ಗಿಡ, ಅದೇ ಕುಂಡ, ಮೋಡ ಮುಸುಕಿದ ವರ್ಷ ಎಷ್ಟೋ ವಾರ ತಡ ಮಾಡುತ್ತೆ. ಗಿಡ ಎಣಿಸೋದು ದಿನವನ್ನಲ್ಲ, ಶಾಖವನ್ನ. ದಿನದ ಸರಾಸರಿ ಉಷ್ಣತೆಯಲ್ಲಿ 10 ಡಿಗ್ರಿ ಕಳೆದು, ಉಳಿದದ್ದನ್ನ ದಿನಾ ಕೂಡಿಸ್ತಾ ಹೋಗಿ. 30 ಡಿಗ್ರಿ ಸರಾಸರಿ ಇರುವ ಒಂದು ದಿನ, 20 ಡಿಗ್ರಿಯ ಎರಡು ದಿನಕ್ಕೆ ಸಮ. ಆಗ ಮಾತ್ರ ಎರಡು ಊರಿನ ಲೆಕ್ಕ ಹೋಲಿಸೋಕೆ ಆಗುತ್ತೆ.

ಕಸಿಗಾರ:
ಎರಡು ಊರು ಹೋಲಿಸೋಕೆ ಸರಿ. ಆದರೆ ಅವರು ಕೇಳಿದ್ದು ತಮ್ಮ ಐದು ಗಿಡಗಳ ಬಗ್ಗೆ. ಒಂದೇ ಜಾಗ, ಒಂದೇ ಬಿಸಿಲು. ಅಲ್ಲಿ ದಿನ ಎಣಿಸಿದರೆ ಸಾಕು.

ಮೋಡಬಿಸಿಲು:
ಒಂದೇ ಜಾಗದಲ್ಲೂ ಒಂದು ಗಿಡದ ಕಾಯಿ ಬೇಸಿಗೆ ಏರುವಾಗ ಬೆಳೆಯುತ್ತೆ, ಇನ್ನೊಂದರದ್ದು ಬಿಸಿಲು ಇಳಿಯುವಾಗ. ತಡದ ತಳಿ ಇನ್ನಷ್ಟು ತಡ ಅನ್ನಿಸೋದೇ ಅದಕ್ಕೆ. ಪನಾಶೆಯ ಕಾಯಿ ತಂಪು ಶುರುವಾದ ಮೇಲೆ ಮೂರನೇ ಹಂತಕ್ಕೆ ಬಂದರೆ, ಆ ಕೆಲವೇ ದಿನದ ಕೆಲಸಕ್ಕೆ ವಾರಗಟ್ಟಲೆ ತಗೊಳ್ಳುತ್ತೆ. ಸಿಹಿಯೂ ಬರಲ್ಲ. ಅದನ್ನ ತಿಂದು ಪನಾಶೆ ಸಪ್ಪೆ ಅಂತ ತೀರ್ಮಾನ ಮಾಡಿದವರನ್ನ ಕಂಡಿದ್ದೇನೆ. ತಳಿಗೆ ಅನ್ಯಾಯ.

ಚಿಗುರೆಲೆ:
ಇಬ್ಬರೂ ಹೇಳ್ತಿರೋದು ಒಂದೇ ಅಲ್ವಾ? ದಾರ ಕಟ್ಟಿ, ತಾರೀಖು ಬರೀರಿ, ಪಕ್ಕದಲ್ಲಿ ಉಷ್ಣತೆನೂ ಬರೀರಿ. ಮುಗೀತು.

ಮಣ್ಣಿನಮಗಳು:
ಚಳಿಗೆ ಎಲೆ ಉದುರುವ ಕಡೆಯವರು ಬರೆದ ಪಟ್ಟಿಗಳೇ ಜಾಸ್ತಿ ಓಡಾಡ್ತಿವೆ, ಅದೂ ಗಮನದಲ್ಲಿರಲಿ. ಬೆಚ್ಚಗಿನ ಕಡೆ ಗಿಡ ಪೂರ್ತಿ ಮಲಗೋದೇ ಇಲ್ಲ. ಅಲ್ಲಿ ಬೆಳೆಯ ಕಾಲ ನಿರ್ಧಾರ ಆಗೋದು ನೀವು ಕತ್ತರಿ ಹಾಕಿದ ದಿನದ ಮೇಲೆ. ಸವರಿದ ಮೇಲೆ ಚಿಗುರು, ಚಿಗುರಿನ ಮೂರು ನಾಲ್ಕನೇ ಎಲೆಯಿಂದ ಕಾಯಿ, ಒಟ್ಟು ನಾಲ್ಕೈದು ತಿಂಗಳಿಗೆ ಹಣ್ಣು. ಹಾಗಾಗಿ ಅಂಥಲ್ಲಿ ಎಲ್ಲ ಗಿಡ ಒಂದೇ ದಿನ ಸವರದೆ ಹೋಲಿಸಿದರೆ ಅರ್ಥವೇ ಇಲ್ಲ.

ಇನ್ನೊಂದು. ಎಲ್ಲ ತಳಿಯೂ ಕತ್ತರಿಯನ್ನ ಒಂದೇ ರೀತಿ ತಡ್ಕೊಳ್ಳಲ್ಲ. ಬ್ರೌನ್ ಟರ್ಕಿಯನ್ನ ಬುಡದವರೆಗೂ ಸವರಿ, ಹೊಸ ಚಿಗುರಲ್ಲಿ ಕಾಯಿ ಬಿಟ್ಟೇ ಬಿಡುತ್ತೆ. ಸೆಲೆಸ್ಟ್‌ಗೆ ಹಾಗೆ ಮಾಡಿದರೆ ಆ ವರ್ಷ ಬೆಳೆ ಕಮ್ಮಿ. ಬ್ಲ್ಯಾಕ್ ಮಿಷನ್‌ಗೂ ಹಗುರವಾಗಿ ಸವರಿದರೇ ಒಳ್ಳೇದು. ಬ್ರೀಬಾ ಬೇಕು ಅನ್ನೋರು ಹಳೆ ಕಡ್ಡಿಯ ತುದಿ ಮುಟ್ಟಲೇಬಾರದು, ಬ್ರೀಬಾ ಇರೋದೇ ಅಲ್ಲಿ.

ಮಾಳಿಗೆತೋಟ:
ಇದು ತುಂಬ ಉಪಯೋಗ ಆಯ್ತು ಅಕ್ಕ. ಹಾಗಾದ್ರೆ ಕುಂಡದ್ದನ್ನ ನೆಲದ್ದರ ಜೊತೆ ಹೋಲಿಸಬಹುದಾ?

ಮಣ್ಣಿನಮಗಳು:
ಬೇಡ. ಕುಂಡದ ಮಣ್ಣು ಬೇಗ ಕಾಯುತ್ತೆ, ಅದರಲ್ಲೂ ಕಪ್ಪು ಕುಂಡ. ಚಿಗುರು ಬೇಗ, ಕಾಯಿ ಬೇಗ. ಆದರೆ ಒಂದೇ ಒಂದು ಮಧ್ಯಾಹ್ನ ನೀರು ತಪ್ಪಿದರೆ ಎಲೆ ಸೊರಗಿ ಕಾಯಿ ಉದುರುತ್ತೆ. ನೆಲದ ಗಿಡ ಮೊದಲೆರಡು ವರ್ಷ ಬೇರು ಇಳಿಸೋದರಲ್ಲೇ ಇರುತ್ತೆ, ಕಾಯಿ ತಡ. ಕುಂಡವನ್ನ ಕುಂಡಕ್ಕೇ ಹೋಲಿಸಿ. ಕುಂಡದ ಅಳತೆ, ಮಣ್ಣು, ಗಿಡದ ವಯಸ್ಸು ಮೂರೂ ಒಂದೇ ಇರಬೇಕು.

ಅಳಿಲು:
ಇಷ್ಟೆಲ್ಲ ಯಾಕೆ? ಹಣ್ಣಾದಾಗ ತಿನ್ನೋದು.

ಚಿಗುರೆಲೆ:
ಜಾಗ ಕಮ್ಮಿ ಇರೋರಿಗೆ ಇದು ಮುಖ್ಯ ಅಣ್ಣ. ಎರಡೇ ಕುಂಡ ಇಡೋಕೆ ಆಗೋದು ಅಂದ್ರೆ, ಒಂದು ಬೇಗದ್ದು ಒಂದು ತಡದ್ದು ಇಟ್ಟರೆ ಎಷ್ಟೋ ವಾರ ಹಣ್ಣು ಸಿಗುತ್ತೆ. ಎರಡೂ ನಡುವಿನದ್ದೇ ಆದರೆ ಒಂದೇ ಸಲ ರಾಶಿ ಹಣ್ಣು, ಆಮೇಲೆ ಏನೂ ಇಲ್ಲ. ಅಂಜೂರ ಇಟ್ಟು ತಿನ್ನೋ ಹಣ್ಣಲ್ಲ, ಎರಡು ದಿನಕ್ಕೆ ಹುಳಿ ಬರುತ್ತೆ.

ಹಿತ್ತಲಗಿಡ:
ಹೆಸರಿನ ವಿಷಯಕ್ಕೆ ಬರ್ತೀನಿ. ಬ್ರೌನ್ ಟರ್ಕಿ ಅಂತ ಮಾರಾಟ ಆಗೋ ಗಿಡಗಳೆಲ್ಲ ಒಂದೇ ಅಲ್ಲ. ಇಂಗ್ಲಿಷ್ ಬ್ರೌನ್ ಟರ್ಕಿ ಬೇರೆ, ಕ್ಯಾಲಿಫೋರ್ನಿಯಾ ಬ್ರೌನ್ ಟರ್ಕಿ ಬೇರೆ. ಎರಡನೆಯದರ ಹಣ್ಣು ದೊಡ್ಡದು. ಹಾಗೆಯೇ ಒಂದೇ ತಳಿಗೆ ಊರೂರಿಗೆ ಒಂದು ಹೆಸರು. ಇಟಲಿಯ ದೊತ್ತಾತೋನೇ ಕಡೋಟಾ. ವಯೊಲೆಟ್ ದ ಬೋರ್ಡೋವನ್ನೇ ನೆಗ್ರೋನ್ ಅಂತಾನೂ ಕರೀತಾರೆ. ಚಿಕಾಗೋ ಹಾರ್ಡಿಯನ್ನ ಹೋಲುವ ಒಂದು ದೊಡ್ಡ ಗುಂಪೇ ಇದೆ, ಬೆಳೆಸೋರು ಮೌಂಟ್ ಎಟ್ನಾ ಗುಂಪು ಅಂತಾರೆ. ಎಲೆ, ಹಣ್ಣು, ಮಾಗುವ ಕಾಲ ಎಲ್ಲ ಹತ್ತಿರ ಹತ್ತಿರ.

ಒಬ್ಬರು ನನಗೆ ಸೆಲೆಸ್ಟ್ ಅಂತ ಕೊಟ್ಟ ಗಿಡ ಹಣ್ಣು ಬಿಟ್ಟಾಗ, ಹಣ್ಣಿನ ಕಣ್ಣು, ಅಂದ್ರೆ ತುದಿಯ ಸಣ್ಣ ತೂತು, ಅಗಲ ತೆರೆದಿತ್ತು. ಸೆಲೆಸ್ಟ್ ಹಣ್ಣಿನ ಕಣ್ಣು ಬಿಗಿಯಾಗಿ ಮುಚ್ಚಿರಬೇಕು. ಅದೇ ಅದರ ದೊಡ್ಡ ಗುಣ, ಇರುವೆ ನೊಣ ಒಳಗೆ ಹೋಗಲ್ಲ, ಮಳೆ ನೀರೂ ಇಳಿಯಲ್ಲ. ಕೇಳಿದರೆ "ಎಲ್ಲ ಒಂದೇ ಅಂಜೂರ" ಅಂದರು. ಬೇಸರ ಆಗುತ್ತೆ ಇಂಥದ್ದಕ್ಕೆ. ಎರಡು ವರ್ಷ ಸಾಕಿದ ಮೇಲಲ್ವಾ ಗೊತ್ತಾಗೋದು.

ಕಸಿಗಾರ:
ಹೆಸರು ಖಾತ್ರಿ ಇಲ್ಲದಿದ್ದರೆ ಹೋಲಿಕೆಯ ಪಟ್ಟಿಯಲ್ಲಿ "ಅಪರಿಚಿತ 1", "ಅಪರಿಚಿತ 2" ಅಂತಲೇ ಬರೀರಿ. ತಪ್ಪು ಹೆಸರಿನ ಒಂದು ಗಿಡ ನೂರು ಜನರ ಪಟ್ಟಿ ಕೆಡಿಸುತ್ತೆ.

ಪುಟ್ಟತೋಟ:
ಹೊಸಬಳು ನಾನು. ಒಂದು ಸಣ್ಣ ಪ್ರಶ್ನೆ. ಅಂಜೂರದೊಳಗೆ ಕಣಜ ಸತ್ತಿರುತ್ತೆ ಅಂತಾರಲ್ಲ, ನಿಜಾನಾ? ಮನೇಲಿ ಯಾರೂ ತಿನ್ನೋಕೆ ಒಪ್ತಿಲ್ಲ.

ಅಳಿಲು:
ಶುರುವಾಯ್ತು ನೋಡಿ 🙂

ಬೇರುಬಿಳಲು:
ಒಳ್ಳೆ ಪ್ರಶ್ನೆ ಪುಟ್ಟತೋಟ ಅವರೇ, ಮಾಗುವ ವಿಷಯಕ್ಕೂ ಸಂಬಂಧ ಇದೆ. ಮೇಲೆ ಹೆಸರು ಬಂದ ಬ್ರೌನ್ ಟರ್ಕಿ, ಸೆಲೆಸ್ಟ್, ಮಿಷನ್, ಕಡೋಟಾ, ಪನಾಶೆ ಇವೆಲ್ಲ ಸಾಮಾನ್ಯ ಗುಂಪಿನವು. ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುತ್ತವೆ. ಕಣಜ ಬೇಕಾಗೇ ಇಲ್ಲ. ಕಣಜವೇ ಇಲ್ಲದ ಕಡೆ ಬೆಳೆದ ಹಣ್ಣಲ್ಲಿ ಅದು ಇರೋದಾದರೂ ಹೇಗೆ? ಧೈರ್ಯವಾಗಿ ತಿನ್ನಿ.

ಸ್ಮಿರ್ನಾ ಗುಂಪು ಬೇರೆ. ಅವಕ್ಕೆ ಕಾಡು ಗಂಡು ಅಂಜೂರದಿಂದ ಪರಾಗ ತರುವ ಪುಟ್ಟ ಕಣಜ ಬೇಕೇ ಬೇಕು, ಇಲ್ಲದಿದ್ದರೆ ಕಾಯಿ ಗೋಲಿ ಗಾತ್ರದಲ್ಲೇ ಉದುರುತ್ತೆ. ಟರ್ಕಿಯಿಂದ ಕ್ಯಾಲಿಫೋರ್ನಿಯಾಕ್ಕೆ ಈ ಗಿಡ ತಂದು ನೆಟ್ಟವರು ವರ್ಷಗಟ್ಟಲೆ ಹಣ್ಣೇ ಕಾಣಲಿಲ್ಲ. 1899ರಲ್ಲಿ ಕಣಜ ಅಲ್ಲಿ ನೆಲೆಯೂರಿದ ಮೇಲೆಯೇ ಬೆಳೆ ಕೈಗೆ ಬಂದದ್ದು. ಮೂರನೇ ಗುಂಪು ಸ್ಯಾನ್ ಪೆಡ್ರೋ. ಡೆಸರ್ಟ್ ಕಿಂಗ್ ಈ ಗುಂಪಿನದು. ಬ್ರೀಬಾಗೆ ಕಣಜ ಬೇಡ, ಮುಖ್ಯ ಬೆಳೆಗೆ ಬೇಕು.

ಹಾಗಾಗಿ ಡೆಸರ್ಟ್ ಕಿಂಗ್‌ಗೆ "ಬೇಗ" ಅಂತ ಪಟ್ಟಿಯಲ್ಲಿ ಕಂಡರೆ ಅದು ಬ್ರೀಬಾ ಲೆಕ್ಕ. ಬೇಸಿಗೆ ತಂಪಾಗಿರುವ ಕಡೆ ಅದೇ ದೊಡ್ಡ ವರ, ಮುಖ್ಯ ಬೆಳೆ ಅಲ್ಲಿ ಹೇಗೂ ಮಾಗಲ್ಲ.

ಪುಟ್ಟತೋಟ:
ತುಂಬ ಥ್ಯಾಂಕ್ಸ್! ಇದನ್ನ ಅಮ್ಮನಿಗೆ ಓದಿ ಹೇಳ್ತೀನಿ.

ಮೋಡಬಿಸಿಲು:
ಕಣಜವಿಲ್ಲದ ಅಂಜೂರ ಇವತ್ತಿನದಲ್ಲ. ಜೋರ್ಡನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸಿಕ್ಕ ಕರಿದಾದ ಅಂಜೂರಗಳ ಬಗ್ಗೆ 2006ರಲ್ಲಿ ಸಂಶೋಧಕರು ಬರೆದಿದ್ದರು. ಸುಮಾರು 11,400 ವರ್ಷ ಹಳೆಯವು. ಒಳಗೆ ಬೀಜ ಬಲಿತಿರಲಿಲ್ಲ. ಅಂಥ ಗಿಡ ಬೀಜದಿಂದ ಹುಟ್ಟಲ್ಲ, ಹಾಗಾಗಿ ಜನ ಕಡ್ಡಿ ನೆಟ್ಟು ಬೆಳೆಸಿದ್ದು ಅಂತ ಅವರ ವಾದ. ಅದನ್ನ ಒಪ್ಪದವರೂ ಇದ್ದಾರೆ. ನನಗಂತೂ ಅದನ್ನ ಓದಿದಾಗ ಮೈ ಜುಮ್ಮೆಂದಿತ್ತು.

ಹಿತ್ತಲಗಿಡ:
ಚೆಂದದ ವಿಷಯ. ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಬೇರು ಬಿಡೋ ಗಿಡ ಅಲ್ವಾ, ಜನ ಬೇಗ ಕಲಿತಿರಬಹುದು.

ಚಿಗುರೆಲೆ:
ಕಾಯಿಯ ಕಣ್ಣಿಗೆ ಎಣ್ಣೆ ಹಚ್ಚಿದರೆ ಬೇಗ ಹಣ್ಣಾಗುತ್ತೆ ಅಂತ ಕೇಳಿದ್ದೆ. ಯಾರಾದ್ರೂ ಮಾಡಿದ್ದೀರಾ?

ಬೇರುಬಿಳಲು:
ಕೆಲಸ ಮಾಡುತ್ತೆ. ಹಳೇ ಕಾಲದಿಂದ ಮೆಡಿಟರೇನಿಯನ್ ಕಡೆ ಮಾಡ್ತಾ ಬಂದದ್ದು. ಎಣ್ಣೆಯಿಂದ ಕಾಯಿ ಒಳಗೆ ಎಥಿಲಿನ್ ಅನ್ನೋ ಅನಿಲ ಹುಟ್ಟೋದು ಜೋರಾಗುತ್ತೆ, ಅದು ಮಾಗಿಸುತ್ತೆ. ಆದರೆ ಹೊತ್ತು ನೋಡಿ ಹಚ್ಚಬೇಕು. ಎರಡನೇ ಹಂತದ ಕೊನೆಯಲ್ಲಿರೋ ಕಾಯಿಗೆ ಮಾತ್ರ.

ಅದನ್ನ ಗುರುತಿಸೋದು ಹೀಗೆ. ಒಂದೇ ಸಾಲಿನ ಕಾಯಿಗಳಲ್ಲಿ ಕೆಳಗಿನದ್ದು, ಅಂದ್ರೆ ಹಳೆಯದು, ಒಂದನ್ನ ಕುಯ್ದು ನೋಡಿ. ಒಳಗೆ ಬಿಳಿ ಇದ್ದರೆ ಇನ್ನೂ ಸಮಯ ಇದೆ. ಗುಲಾಬಿ ಬಣ್ಣ ತಿರುಗಿದ್ದರೆ ಪಕ್ಕದ ಕಾಯಿಗೆ ಹಚ್ಚಬಹುದು. ಒಳಗೆ ಕೆಂಪಾಗದ ತಳಿಗೆ ಈ ಗುರುತು ನಡೆಯಲ್ಲ. ಒಂದು ಹತ್ತಿಕಡ್ಡಿ ತುದಿಯಲ್ಲಿ ಒಂದೇ ಹನಿ ಆಲಿವ್ ಎಣ್ಣೆ, ಕಣ್ಣಿನ ಮೇಲೆ ಮಾತ್ರ, ಸಿಪ್ಪೆಗೆ ಮೆತ್ತಬೇಡಿ. ಸುಮಾರು ವಾರಕ್ಕೆ ಮೆತ್ತಗಾಗುತ್ತೆ. ಬೇಗ ಹಚ್ಚಿಬಿಟ್ಟರೆ ಊದಿಕೊಂಡು ಹಣ್ಣಿನ ಹಾಗೆ ಕಾಣುತ್ತೆ, ಬಾಯಿಗೆ ಹಾಕಿದರೆ ರುಚಿ ಇರಲ್ಲ.

ಕಸಿಗಾರ:
ಹೋಲಿಕೆ ಮಾಡೋ ಗಿಡಕ್ಕೆ ಎಣ್ಣೆ ಹಚ್ಚಬೇಡಿ ಮತ್ತೆ! ಲೆಕ್ಕ ಎಲ್ಲ ಹಾಳು.

ಮಣ್ಣಿನಮಗಳು:
ಎಣ್ಣೆಗಿಂತ ನನಗೆ ತುದಿ ಚಿವುಟೋದರಲ್ಲೇ ನಂಬಿಕೆ. ಚಿಗುರು ಐದಾರು ಎಲೆ ಬಿಟ್ಟ ಮೇಲೆ ತುದಿ ಮೊಗ್ಗನ್ನ ಉಗುರಲ್ಲಿ ಚಿವುಟಿ. ಗಿಡದ ಶಕ್ತಿ ಉದ್ದಕ್ಕೆ ಹೋಗೋದು ನಿಂತು ಕಾಯಿ ಕಡೆ ತಿರುಗುತ್ತೆ. ಸಾರಜನಕ ಜಾಸ್ತಿ ಇರೋ ಗೊಬ್ಬರ ಹಾಕಿ ಎಲೆ ಬೆಳೆಸಿಕೊಂಡು ಕಾಯಿ ಯಾಕೆ ಇಲ್ಲ ಅಂತ ಕೇಳೋರೇ ಜಾಸ್ತಿ. ಬಿಸಿಲೂ ಅಷ್ಟೇ, ಆರು ಗಂಟೆ ನೇರ ಬಿಸಿಲು ಇಲ್ಲದ ಕಡೆ ಬೇಗದ ತಳಿಯೂ ತಡದ ತಳಿಯೇ.

ಚಿವುಟುವಾಗ ಒಂದು ಎಚ್ಚರ. ಬಿಳಿ ಸೊನೆ ಬರುತ್ತಲ್ಲ, ಅದು ಮೈಗೆ ಹತ್ತಿ ಆಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತೆ. ಸೊನೆಯಲ್ಲಿ ಸೊರಾಲೆನ್ ಅನ್ನೋ ವಸ್ತು ಇರೋದರಿಂದ. ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ. ಸಂಜೆ ಮಾಡಿದರೆ ಇನ್ನೂ ಒಳ್ಳೇದು.

ಅಳಿಲು:
ಈ ಎಚ್ಚರಿಕೆ ಎಲ್ಲರೂ ಓದಬೇಕು. ಗಿಡ ಕೊಡೋರು ಯಾರೂ ಹೇಳಲ್ಲ.

ಪುಟ್ಟತೋಟ:
ಹಣ್ಣಾಗಿದೆ ಅಂತ ಹೇಗೆ ತಿಳಿಯೋದು? ಬಣ್ಣ ಬಂದ ತಕ್ಷಣ ಕಿತ್ತು ಎರಡು ದಿನ ಇಟ್ಟರೆ ಆಗುತ್ತಾ?

ಹಿತ್ತಲಗಿಡ:
ಆಗಲ್ಲಮ್ಮ. ಕಿತ್ತ ಮೇಲೆ ಮೆತ್ತಗಾದರೂ ಸಿಹಿ ಏರಲ್ಲ. ಕತ್ತು ಬಾಗಿ ನೇತಾಡಬೇಕು, ಒತ್ತಿದರೆ ತುಟಿಯಷ್ಟು ಮೆತ್ತಗಿರಬೇಕು. ಸಿಪ್ಪೆ ಮೇಲೆ ಸಣ್ಣ ಸೀಳು ಬಂದಿದ್ದರೆ ಅದು ಒಳ್ಳೆ ಲಕ್ಷಣ. ತೊಟ್ಟು ಮುರಿದ ಜಾಗದಲ್ಲಿ ಬಿಳಿ ಸೊನೆ ಬಂದರೆ ಇನ್ನೂ ಮಾಗಿಲ್ಲ. ಕಡೋಟಾ ಆದರೆ ಕಣ್ಣಿನಲ್ಲಿ ಜೇನಿನಂಥ ಹನಿ ನಿಂತಿರುತ್ತೆ.

ಚಿಗುರೆಲೆ:
ನಾನು ಅಷ್ಟು ಕಾಯುವಷ್ಟರಲ್ಲಿ ಹಕ್ಕಿ ತಿಂದಿರುತ್ತೆ. ಬಣ್ಣ ತಿರುಗಿದ ಕೂಡಲೇ ಪ್ರತಿ ಕಾಯಿಗೂ ಬಲೆಬಟ್ಟೆಯ ಸಣ್ಣ ಚೀಲ ಕಟ್ತೀನಿ. ಗಾಳಿ ಆಡುತ್ತೆ, ನೀರು ನಿಲ್ಲಲ್ಲ. ಪ್ಲಾಸ್ಟಿಕ್ ಕಟ್ಟಬೇಡಿ, ಒಳಗೆ ಬೆವತು ಕೊಳೆಯುತ್ತೆ. ಇರುವೆಗೆ ಚೀಲ ಸಾಲಲ್ಲ, ಕುಂಡದ ಕಾಲಡಿ ನೀರಿನ ತಟ್ಟೆ ಇಡಬೇಕು.

ಮೋಡಬಿಸಿಲು:
ಹಸಿರಾಗಿಯೇ ಮಾಗುವ ತಳಿಗೆ ಹಕ್ಕಿ ಕಾಟ ಕಮ್ಮಿ, ಅದೂ ತಳಿ ಆರಿಸುವಾಗ ನೋಡೋ ವಿಷಯ. ಕಪ್ಪಾಗೋದು ದೂರದಿಂದಲೇ ಕಣ್ಣಿಗೆ ಬೀಳುತ್ತೆ.

ಅಳಿಲು:
ನನ್ನಲ್ಲಿ ಹಕ್ಕಿ ಬಣ್ಣ ನೋಡಲ್ಲ, ಎಲ್ಲಾ ತಿನ್ನುತ್ತೆ. ಕಡೋಟಾ ಕೂಡ.

ಕಸಿಗಾರ:
ಮಾಗುವ ಕಾಲ ನೋಡಿ ತಳಿ ಆರಿಸೋರು ಮಳೆಯನ್ನೂ ನೋಡಬೇಕು. ಕಣ್ಣು ತೆರೆದ ತಳಿ ಮಳೆಗಾಲದಲ್ಲಿ ಮಾಗುವ ಹಾಗಿದ್ದರೆ ಒಳಗೆ ಹುಳಿಯುತ್ತೆ, ಇಲ್ಲ ಬಿರಿಯುತ್ತೆ. ಎಷ್ಟೇ ರುಚಿ ಅಂತ ಹೆಸರು ಮಾಡಿದ್ದರೂ ಅದು ನಿಮಗೆ ಬೇಡ. ಮಳೆಗೆ ಮುಂಚೆ ಮುಗಿಯುವ ಬೇಗದ ತಳಿ, ಇಲ್ಲ ಬಿಗಿ ಕಣ್ಣಿನ ತಳಿ ಇಡಿ. ಮಳೆಯಲ್ಲಿ ಎಲೆ ತುಕ್ಕು ರೋಗ ಬಂದು ಎಲೆ ಉದುರಿದರೂ ಕಾಯಿ ಮಾಗಲ್ಲ, ಎಲೆ ಇಲ್ಲದೆ ಸಕ್ಕರೆ ಎಲ್ಲಿಂದ ಬರಬೇಕು? ಬಿದ್ದ ಎಲೆ ಬುಡದಲ್ಲಿ ಬಿಡದೆ ಗುಡಿಸಿ ತೆಗೀರಿ.

ಮಾಳಿಗೆತೋಟ:
ನನ್ನ ಬ್ಲ್ಯಾಕ್ ಮಿಷನ್ ಎಲೆಯಲ್ಲಿ ಹಳದಿ ಮಚ್ಚೆ ಇದೆ, ಎಲೆ ಸೊಟ್ಟ. ಅದೂ ತುಕ್ಕು ರೋಗವೇ? ಅದಕ್ಕೇ ತಡ ಆಗ್ತಿದೆಯಾ?

ಬೇರುಬಿಳಲು:
ಎಲೆ ಹಿಂದೆ ತುಕ್ಕಿನ ಬಣ್ಣದ ಪುಡಿ ಇಲ್ಲ ಅಂದ್ರೆ ಅದು ಮೊಸಾಯಿಕ್ ವೈರಸ್ ಇರಬೇಕು. ಬ್ಲ್ಯಾಕ್ ಮಿಷನ್‌ನಲ್ಲಿ ಇದು ತುಂಬ ಸಾಮಾನ್ಯ. ಕಡ್ಡಿಯಿಂದ ಕಡ್ಡಿಗೆ ಬರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೂ ಹರಡುತ್ತೆ. ಮದ್ದಿಲ್ಲ. ಗಿಡ ಗಟ್ಟಿಯಾಗಿ ಬೆಳೆದರೆ, ಬಿಸಿಲು ಏರಿದರೆ, ಹೊಸ ಎಲೆಯಲ್ಲಿ ಮಚ್ಚೆ ಕಮ್ಮಿ ಆಗುತ್ತೆ. ಕಿತ್ತು ಎಸೆಯೋ ಅಗತ್ಯ ಇಲ್ಲ. ಆದರೆ ಸೊರಗಿದ ಗಿಡದ ಕಾಯಿ ತಡ ಆಗೋದು, ಉದುರೋದು ನಿಜ. ಆ ಗಿಡದ ಲೆಕ್ಕದಿಂದ ಬ್ಲ್ಯಾಕ್ ಮಿಷನ್ ತಳಿಯ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ಕಡ್ಡಿ ಬೇರೆಯವರಿಗೂ ಕೊಡಬೇಡಿ.

ಹಿತ್ತಲಗಿಡ:
ಸೊರಗಿದರೆ ಬೇರನ್ನೂ ಒಮ್ಮೆ ನೋಡಿ. ಬೇರಿನ ತುಂಬ ಗಂಟು ಗಂಟು ಇದ್ದರೆ ಜಂತುಹುಳು. ಅದು ಅಂಜೂರಕ್ಕೆ ದೊಡ್ಡ ಶತ್ರು, ಅದರಲ್ಲೂ ಮರಳು ಮಣ್ಣಲ್ಲಿ.

ಮಾಳಿಗೆತೋಟ:
ಸರಿ, ಹಾಗಾದ್ರೆ ನಾನು ಹೀಗೆ ಮಾಡ್ತೀನಿ. ಐದೂ ತಳಿಯ ಕಡ್ಡಿ ಒಂದೇ ದಿನ ನೆಟ್ಟು ಬೇರು ಬರಿಸಿ, ಒಂದೇ ಅಳತೆಯ ಕುಂಡ, ಒಂದೇ ಮಣ್ಣು. ಬ್ರೀಬಾಗೆ ಒಂದು ಬಣ್ಣದ ದಾರ, ಮುಖ್ಯ ಬೆಳೆಗೆ ಇನ್ನೊಂದು. ಬಟಾಣಿ ಗಾತ್ರದ ದಿನ, ಬಣ್ಣ ತಿರುಗಿದ ದಿನ, ಕಿತ್ತ ದಿನ ಮೂರನ್ನೂ ಬರೀತೀನಿ. ಬ್ಲ್ಯಾಕ್ ಮಿಷನ್‌ಗೆ ಮಚ್ಚೆ ಇಲ್ಲದ ಗಿಡ ಸಿಗೋವರೆಗೆ ಆ ಕಾಲಂ ಖಾಲಿ. ಒಂದು ಗಿಡದಲ್ಲಿ ಎಷ್ಟು ಕಾಯಿ ಲೆಕ್ಕ ಇಡಬೇಕು?

ಕಸಿಗಾರ:
ಕೊನೇಪಕ್ಷ ಏಳೆಂಟು. ಒಂದೇ ಚಿಗುರಿನಲ್ಲೂ ಕೆಳಗಿನ ಕಾಯಿ ಮೊದಲು, ಮೇಲಿನದ್ದು ಕೊನೆಗೆ ಬರುತ್ತೆ. ಒಂದರ ಕೆಳಗಿನ ಕಾಯಿಯನ್ನ ಇನ್ನೊಂದರ ಮೇಲಿನ ಕಾಯಿಗೆ ಹೋಲಿಸಬಾರದು. ಎಷ್ಟನೇ ಎಲೆಯ ಕಂಕುಳು ಅಂತಲೂ ಬರೆದಿಡಿ. ಮೊದಲ ವರ್ಷದ ಹಣ್ಣಿನ ರುಚಿ ಬರೆದುಕೊಳ್ಳಿ, ಆದರೆ ಮೂರು ವರ್ಷ ತುಂಬುವವರೆಗೆ ಯಾವ ತಳಿಯನ್ನೂ ಕೀಳಬೇಡಿ.

ಮೋಡಬಿಸಿಲು:
ಉಷ್ಣತೆ?

ಮಾಳಿಗೆತೋಟ:
ಅದನ್ನೂ ಬರೀತೀನಿ ಸರ್, ಮರೆತಿಲ್ಲ.

ಚಿಗುರೆಲೆ:
ಪಟ್ಟಿ ಇಲ್ಲೇ ಹಾಕಿ. ನನ್ನ ರೋಂಡ್ ದ ಬೋರ್ಡೋ, ಚಿಕಾಗೋ ಹಾರ್ಡಿ ಲೆಕ್ಕ ನಾನೂ ಸೇರಿಸ್ತೀನಿ.

ಪುಟ್ಟತೋಟ:
ಕೊನೆಯದಾಗಿ ಒಂದು. ಚಳಿ ಶುರುವಾಗಿ ಎಲೆ ಉದುರಿದ ಮೇಲೂ ಕಾಯಿ ಉಳಿದಿದ್ದರೆ ಏನು ಮಾಡೋದು? ಮುಂದಿನ ವರ್ಷ ಅವೇ ಹಣ್ಣಾಗ್ತವಾ?

ಮಣ್ಣಿನಮಗಳು:
ಗೋಲಿಗಿಂತ ದೊಡ್ಡದೆಲ್ಲ ಕಿತ್ತುಬಿಡಿ. ಅವು ಚಳಿಗೆ ಬಾಡಿ ಕೊಳೆಯುತ್ತವೆ, ರೋಗಕ್ಕೆ ದಾರಿ. ಕಡ್ಡಿಯ ತುದಿ ಹತ್ತಿರ ಎಲೆ ಗುರುತಿನ ಪಕ್ಕದಲ್ಲಿ ಸಾಸಿವೆಯಿಂದ ಬಟಾಣಿಯಷ್ಟು ದುಂಡನೆಯ ಮೊಗ್ಗು ಇರುತ್ತಲ್ಲ, ಅದನ್ನ ಮಾತ್ರ ಮುಟ್ಟಬೇಡಿ. ಬ್ರೀಬಾ ಆಗೋದು ಅವೇ. ಚೂಪಾಗಿರೋದು ಎಲೆಯ ಮೊಗ್ಗು, ದುಂಡಗಿರೋದು ಕಾಯಿಯದ್ದು.

ಪುಟ್ಟತೋಟ:
ನನ್ನ ಗಿಡದ ತುದಿಯಲ್ಲಿ ನಾಲ್ಕೈದು ದುಂಡಗಿನವು ಇವೆ ಅಕ್ಕ! ತಳಿ ಹೆಸರು ಗೊತ್ತಿಲ್ಲ.

ಕಸಿಗಾರ:
"ಅಪರಿಚಿತ 1" ಅಂತ ಬರೆದು ದಾರ ಕಟ್ಟಿ.